ಹನ್ನೆರಡು ಪಣದ ದಂಡದಿಂದ 2007ರ ಕಾಯ್ದೆವರೆಗೆ: ಮನೆಯೊಳಗಿನ ಹಿರಿಯರ ಕಥೆ

ವಿಡಿಯೋ ನೋಡೋಕೆ ಪುರುಸೊತ್ತು ಇಲ್ಲದವರಿಗೆ, ಎಂದಿನಂತೆ, ಈ ವಾರದ ಮಾತಿನ ಬರಹರೂಪ ಇಲ್ಲಿದೆ.

ಹೋದ ದೀಪಾವಳಿಗೆ ಅಪ್ಪ ಹುಬ್ಬಳ್ಳಿಯಿಂದ ಪುಣೆಗೆ ಬಂದಿದ್ದರು. ಮಾರನೇ ದಿನ ಬೆಳಿಗ್ಗೆ ನಾನು ಮೀಟಿಂಗಿನಲ್ಲಿದ್ದಾಗ ಬಾಗಿಲ ಹತ್ತಿರ ನಿಂತು, "ತಮ್ಮಾ, ಎರಡುನೂರು ರೂಪಾಯಿ ಕೊಡ್ತೀ ಏನು? ಕಟಿಂಗ್ ಮಾಡಿಸ್ಕೊಂಡು ಬರ್ತೀನಿ" ಅಂದರು. ಅಪ್ಪನಿಗೆ ಪಿಂಚಣಿ ಬರುತ್ತೆ. ಆದರೆ ಮೂರು ವರ್ಷದ ಹಿಂದೆ ಒಬ್ಬ ವಂಚಕ ಫೋನ್ ಮಾಡಿ ಅವರಿಂದ ಒಟಿಪಿ ಪಡೆದು ದುಡ್ಡು ಹೊಡೆದ. ಅಂದಿನಿಂದ ಎಟಿಎಂ ಕಾರ್ಡು, ಬ್ಯಾಂಕ್ ಆಪ್, ಪಿನ್ನು ಎಲ್ಲ ನನ್ನ ಹತ್ತಿರ.

"ರೊಕ್ಕ ನಿಮ್ದ ಐತಲ್ರಿ ಅಪ್ಪಾ, ಕೇಳೂದೇನ್ರಿ?" ಅಂದೆ.

"ರೊಕ್ಕ ನಂದ ಐತಿ. ಆದ್ರ ಕೇಳಾಂವನೂ ನಾನ ಅದೀನಲ್ಲ" ಅಂದು ನಕ್ಕರು.

ಆ ನಗು ಮನಸ್ಸಿನಲ್ಲಿ ಉಳಿದುಬಿಟ್ಟಿತು. ಹಿರಿಯರ ಮೇಲಿನ ದೌರ್ಜನ್ಯ ಅಂದರೆ ಹೊಡೆತ, ಬೈಗುಳ, ಮನೆಯಿಂದ ಹೊರಗೆ ಹಾಕೋದು ಅಂತಷ್ಟೇ ನಾನು ತಿಳಿದಿದ್ದೆ. ಹಾಗಾದರೆ ಇದು ಏನು? ಉತ್ತರ ಹುಡುಕುತ್ತಾ ಇತಿಹಾಸಕ್ಕೆ ಹೋದೆ.

ಹಳೆಯ ದಂಡ

ನಮ್ಮಲ್ಲಿ ಈ ವಿಷಯ ಬಂದ ಕೂಡಲೇ, "ಮೊದಲು ಹೀಗಿರಲಿಲ್ಲ, ಅವಿಭಕ್ತ ಕುಟುಂಬ ಇತ್ತು, ಈಗ ಎಲ್ಲ ಕೆಟ್ಟುಹೋಯ್ತು" ಅನ್ನೋ ಮಾತು ಬರುತ್ತೆ. 1909ರಲ್ಲಿ ಮೈಸೂರಿನ ಓರಿಯಂಟಲ್ ಲೈಬ್ರರಿಯ ಆರ್. ಶಾಮಶಾಸ್ತ್ರಿಗಳು ತಾಳೆಗರಿಯ ಹಸ್ತಪ್ರತಿಯಿಂದ ಕೌಟಿಲ್ಯನ ಅರ್ಥಶಾಸ್ತ್ರವನ್ನು ಅಚ್ಚಿಗೆ ತಂದರು. ಅದರ ಎರಡನೇ ಅಧಿಕರಣದಲ್ಲಿ ಒಂದು ನಿಯಮ ಇದೆ: ಶಕ್ತಿ ಇದ್ದೂ ಹೆಂಡತಿ ಮಕ್ಕಳನ್ನು, ತಂದೆತಾಯಿಯನ್ನು, ಚಿಕ್ಕ ತಮ್ಮಂದಿರನ್ನು, ಮದುವೆಯಾಗದ ಮತ್ತು ವಿಧವೆಯಾದ ಸೋದರಿಯರನ್ನು ಸಾಕದವನಿಗೆ ಹನ್ನೆರಡು ಪಣ ದಂಡ. ಪತಿತರಾದವರನ್ನು ಸಾಕಬೇಕಿಲ್ಲ, ಆದರೆ ತಾಯಿಗೆ ಆ ವಿನಾಯಿತಿಯೂ ಅನ್ವಯಿಸದು.

ಎಲ್ಲ ಮಕ್ಕಳೂ ಶ್ರವಣಕುಮಾರರೇ ಆಗಿದ್ದರೆ ಈ ದಂಡ ಯಾಕೆ ಬೇಕಿತ್ತು ಹೇಳಿ?

ಹೆಸರು ಸಿಕ್ಕಿದ್ದು ತಡವಾಗಿ

ತಪ್ಪು ಹಳೆಯದು, ಅದಕ್ಕೆ ಹೆಸರು ಮಾತ್ರ ಹೊಸದು. ಮಕ್ಕಳ ಮೇಲಿನ ಹಿಂಸೆಗೆ ವೈದ್ಯಶಾಸ್ತ್ರದಲ್ಲಿ ಹೆಸರು ಸಿಕ್ಕಿದ್ದು 1962ರಲ್ಲಿ, ಅಮೆರಿಕದ ಸಿ. ಹೆನ್ರಿ ಕೆಂಪೆ ಮತ್ತು ಸಂಗಡಿಗರ ಲೇಖನದಿಂದ. ಹಿರಿಯರ ಸರದಿ ಬಂದಿದ್ದು 1975ರಲ್ಲಿ. ಜಿ. ಆರ್. ಬರ್ಸ್ಟನ್ ಎಂಬ ವೈದ್ಯರು ಬ್ರಿಟಿಷ್ ಮೆಡಿಕಲ್ ಜರ್ನಲ್‌ಗೆ ಒಂದು ಪುಟ್ಟ ಪತ್ರ ಬರೆದರು: ಅಜ್ಜಿಯರಿಗೂ ಮನೆಯಲ್ಲಿ ಹೊಡೆತ ಬೀಳುತ್ತಿದೆ, ವೈದ್ಯರು ಇದನ್ನೂ ಗಮನಿಸಬೇಕು ಅಂತ. ನಮ್ಮ ಸಾಫ್ಟ್‌ವೇರ್ ಕೆಲಸದಲ್ಲೂ ಹೀಗೇ. ಯಾವ ತಪ್ಪನ್ನು ಹುಡುಕಬೇಕು ಅಂತ ಮೊದಲೇ ಹೇಳಿಲ್ಲವೋ ಅದು ಲಾಗ್‌ನಲ್ಲಿ ಕಾಣೋದೇ ಇಲ್ಲ.

2002ರ ಟೊರಾಂಟೊ ಘೋಷಣೆ ವ್ಯಾಖ್ಯೆಯನ್ನು ಇನ್ನಷ್ಟು ಅಗಲ ಮಾಡಿತು. ನಂಬಿಕೆ ಇರಬೇಕಾದ ಸಂಬಂಧದೊಳಗೆ ಹಿರಿಯರಿಗೆ ನೋವು, ಹಾನಿ ಮಾಡುವ ಕೆಲಸ ಮಾತ್ರವಲ್ಲ, ಮಾಡಬೇಕಾದ್ದನ್ನು ಮಾಡದೆ ಬಿಡುವುದೂ ದೌರ್ಜನ್ಯವೇ. ದೇಹ, ಮನಸ್ಸು, ಹಣ, ನಿರ್ಲಕ್ಷ್ಯ ಎಲ್ಲವೂ ಇದರಲ್ಲಿ ಬರುತ್ತೆ. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ 60 ದಾಟಿದ ಆರು ಜನರಲ್ಲಿ ಒಬ್ಬರು ಒಂದು ವರ್ಷದೊಳಗೆ ಯಾವುದೋ ಒಂದು ಬಗೆಯ ದೌರ್ಜನ್ಯ ಅನುಭವಿಸಿರುತ್ತಾರೆ.

ನಮ್ಮ ಕಾನೂನಿನ ದಾರಿ

1898ರ ದಂಡ ಪ್ರಕ್ರಿಯಾ ಸಂಹಿತೆಯಲ್ಲಿ ಜೀವನಾಂಶ ಇದ್ದಿದ್ದು ಹೆಂಡತಿ ಮಕ್ಕಳಿಗೆ ಮಾತ್ರ. ತಂದೆತಾಯಿ ಸೇರಿದ್ದು 1973ರ ಸಂಹಿತೆಯ 125ನೇ ಕಲಮಿನಲ್ಲಿ. ಅದರ ಮಿತಿಯೂ ತಿಂಗಳಿಗೆ 500 ರೂಪಾಯಿ, 2001ರಲ್ಲಷ್ಟೇ ಅದು ಹೋಯಿತು. ಮದುವೆಯಾದ ಮಗಳಿಗೂ ಈ ಹೊಣೆ ಇದೆ ಅಂತ ಸುಪ್ರೀಂ ಕೋರ್ಟ್ 1987ರಲ್ಲಿ ಹೇಳಿತು. ಆ ಕೇಸು ಬಂದಿದ್ದು ಮುಂಬೈ ಪಕ್ಕದ ಕಲ್ಯಾಣದಿಂದ.

ಆಮೇಲೆ ಬಂದಿದ್ದು 2007ರ ಪಾಲಕರ ಮತ್ತು ಹಿರಿಯ ನಾಗರಿಕರ ಕಾಯ್ದೆ. ಊರು ಬಿಟ್ಟು ಬಂದ ನಮ್ಮಂಥವರು ತಿಳಿದಿರಬೇಕಾದ ಮೂರು ವಿಷಯ ಇದರಲ್ಲಿವೆ. ಒಂದು, ತಂದೆತಾಯಿ ತಾವಿರುವ ಊರಿನಲ್ಲೇ ಅರ್ಜಿ ಹಾಕಬಹುದು, ಮಕ್ಕಳಿರುವ ಊರಿನಲ್ಲೂ ಹಾಕಬಹುದು. ಹುಬ್ಬಳ್ಳಿಯ ಅಪ್ಪ ಪುಣೆಗೆ ಅಲೆಯಬೇಕಿಲ್ಲ. ಎರಡು, ಅರ್ಜಿ ವಿಚಾರಿಸೋದು ಉಪವಿಭಾಗ ಮಟ್ಟದ ನ್ಯಾಯಮಂಡಳಿ, ಅವರಿಗೆ ಆಗದಿದ್ದರೆ ಅವರು ಒಪ್ಪಿಗೆ ಕೊಟ್ಟ ಬೇರೆಯವರೂ ಅರ್ಜಿ ಕೊಡಬಹುದು. ಮೂರು, 23ನೇ ಕಲಮು. ನೋಡಿಕೊಳ್ಳಬೇಕು ಅನ್ನೋ ಷರತ್ತಿನ ಮೇಲೆ ಮನೆ ಬರೆದುಕೊಟ್ಟು, ಪಡೆದವರು ನೋಡಿಕೊಳ್ಳದಿದ್ದರೆ ಆ ವರ್ಗಾವಣೆಯನ್ನು ರದ್ದು ಮಾಡಿಸಬಹುದು. ಆದರೆ ಆ ಷರತ್ತು ಇತ್ತು ಅಂತ ತೋರಿಸಬೇಕಾಗುತ್ತೆ, ಇದನ್ನು 2022ರಲ್ಲಿ ಸುಪ್ರೀಂ ಕೋರ್ಟ್ ಸ್ಪಷ್ಟಪಡಿಸಿದೆ. 2025ರ ಜನವರಿಯ ತೀರ್ಪು ಹಿರಿಯರ ಪರವಾಗಿ ಸ್ವಲ್ಪ ಉದಾರವಾಗಿದೆ. ಆದರೂ ದಾನಪತ್ರದಲ್ಲೇ ಷರತ್ತು ಬರೆಸೋದು ಒಳ್ಳೇದು.

ಕೊರತೆಯೂ ಇದೆ. ಕಾಯ್ದೆಯಲ್ಲಿ ಜೀವನಾಂಶದ ಗರಿಷ್ಠ ಮಿತಿ ತಿಂಗಳಿಗೆ 10,000 ರೂಪಾಯಿ. ದೌರ್ಜನ್ಯ ಅಂದರೇನು ಅನ್ನೋ ವ್ಯಾಖ್ಯೆ ಅದರಲ್ಲಿಲ್ಲ. ಇವೆರಡನ್ನೂ ಸರಿಪಡಿಸಲು ಹೊರಟ 2019ರ ತಿದ್ದುಪಡಿ ಮಸೂದೆ ಕಾಯ್ದೆ ಆಗಲೇ ಇಲ್ಲ.

ಗುರುತಿಸೋದು ಹೇಗೆ

ಅಂದರೆ ಗುರುತಿಸುವ ಕೆಲಸ ನಮ್ಮದೇ. ಫೋನ್ ಮಾಡಿದಾಗ ಪ್ರತಿ ಸಲ ಬೇರೆಯವರೇ ಎತ್ತುತ್ತಾರಾ? ಹಿರಿಯರ ಜೊತೆ ಒಬ್ಬರನ್ನೇ ಮಾತಾಡೋಕೆ ಬಿಡಲ್ವಾ? ಗಾಯಕ್ಕೆ ಹೇಳುವ ಕಾರಣ ದಿನಕ್ಕೊಂದು ಬದಲಾಗುತ್ತಾ? ಮಾತ್ರೆ ಮುಗಿದು ವಾರ ಆಗಿದೆಯಾ? ಮೃತ್ಯುಪತ್ರ ಇದ್ದಕ್ಕಿದ್ದಂತೆ ಬದಲಾಯ್ತಾ? ಹೀಗೆ ಅನುಮಾನ ಬಂದರೆ ಮೊದಲು ಅವರೊಬ್ಬರನ್ನೇ ಕೂರಿಸಿಕೊಂಡು ಕೇಳಿ, ಅವರಿಗೆ ಏನು ಬೇಕೋ ಅದನ್ನೂ ಕೇಳಿ. ಎಷ್ಟೋ ಹಿರಿಯರಿಗೆ ಮಗ ಜೈಲಿಗೆ ಹೋಗೋದು ಬೇಡ, ಕಿರುಕುಳ ನಿಂತರೆ ಸಾಕು. 14567 ದೇಶದ ಹಿರಿಯರ ಸಹಾಯವಾಣಿ, ಬೆಳಿಗ್ಗೆ 8ರಿಂದ ರಾತ್ರಿ 8ರವರೆಗೆ. ಜೀವಕ್ಕೆ ಅಪಾಯ ಇದ್ದರೆ ನೇರ 112.

ನನ್ನ ವಿಷಯಕ್ಕೆ ಬರ್ತೀನಿ. ನಾನು ಅಪ್ಪನ ದುಡ್ಡು ತಿಂದಿಲ್ಲ. ಆದರೆ ಕಾಪಾಡುವ ಹೆಸರಿನಲ್ಲಿ ಅವರನ್ನು ಕೇಳುವವರನ್ನಾಗಿ ಮಾಡಿದ್ದೆ. ಕಬಳಿಸೋರೂ ಶುರು ಮಾಡೋದು ಇಲ್ಲಿಂದಲೇ, ಇದು ನನಗೆ ತಡವಾಗಿ ಹೊಳೀತು. ಕಾರ್ಡು ವಾಪಸ್ ಕೊಟ್ಟೆ. ಮತ್ತೆ ಮೋಸ ಆದರೂ ದೊಡ್ಡ ಮೊತ್ತ ಹೋಗದ ಹಾಗೆ, ಅಪ್ಪನನ್ನು ಕೇಳಿಯೇ, ದಿನದ ಮಿತಿ ಕಡಿಮೆ ಮಾಡಿಸಿದೆವು.

ಹೋದ ತಿಂಗಳು ಅಪ್ಪ ಯಾರಿಗೋ ಎರಡು ಸಾವಿರ ಕೊಟ್ಟರಂತೆ. ಯಾರಿಗೆ, ಯಾಕೆ ಅಂತ ಬಾಯಿ ತುದಿಗೆ ಬಂತು. ಕೇಳಲಿಲ್ಲ.

ಈ ವಾರ ಊರಿಗೆ ಫೋನ್ ಮಾಡಿದಾಗ, "ಊಟ ಆಯ್ತಾ" ಅಂತ ಕೇಳಿದ ಮೇಲೆ ಇನ್ನೊಂದು ಪ್ರಶ್ನೆ ಕೇಳಿ: "ನಿಮ್ಮ ಕೈಯಲ್ಲಿ ದುಡ್ಡು ಇದೆಯಾ?" ಮುಂದಿನ ಮಾತಿನಲ್ಲಿ ಸಿಗೋಣ. ನಮಸ್ಕಾರ.