ಕುಡಚಿ ಸೇತುವೆಯ ಮೇಲೆ ನಿಂತ ಬೈಕು: ಒಂದು ಕಿಡಿಯ ಚರಿತ್ರೆ

ಕಬ್ಬಿನ ಸೀಜನ್. ರಾತ್ರಿ ಒಂಬತ್ತರ ಹೊತ್ತು. ಉಗಾರದಿಂದ ಕುಡಚಿ ಕಡೆ ಬರುತ್ತಿದ್ದೆವು. ಕೃಷ್ಣಾ ನದಿಯ ಸೇತುವೆಯ ಮೇಲೆ ಮುಂದೆ ಒಂದು ಎತ್ತಿನ ಗಾಡಿ ಇತ್ತು, ಹಾಗಾಗಿ ಬೈಕು ನಿಧಾನ ಮಾಡಿದೆವು. ಅಷ್ಟೇ. ಎಂಜಿನ್ ಬಂದ್ ಆಯಿತು, ಹೆಡ್‌ಲೈಟೂ ಹೋಯಿತು. ಸುತ್ತ ಕತ್ತಲು, ಹಿಂದಿನಿಂದ ಎರಡು ಟ್ರೇಲರ್ ಕಬ್ಬು ಹೇರಿಕೊಂಡು ಟ್ರ್ಯಾಕ್ಟರ್ ಬರುತ್ತಿತ್ತು. ಅದರ ಚಾಲಕನಿಗೆ ನಾವು ಕಾಣುವಂತೆಯೇ ಇರಲಿಲ್ಲ. ಮೊಬೈಲ್ ಟಾರ್ಚ್ ಹಿಡಿದು ಬೀಸುತ್ತ, ಇಬ್ಬರೂ ಸೇರಿ ಬೈಕನ್ನು ಕಟ್ಟೆಗೆ ಒತ್ತಿ ನಿಲ್ಲಿಸಿದೆವು. ಟ್ರೇಲರಿನ ಕಬ್ಬು ನಮ್ಮ ತೋಳಿಗೆ ಸವರಿಕೊಂಡು ಹೋಯಿತು.

ಆ ಬೈಕು ಅಂಗಡಿಯಿಂದ ತಂದದ್ದಲ್ಲ. ನಾವೇ ಕಟ್ಟಿದ್ದು. ಇಂದಿನ ಬರಹ ಆ ಬೈಕಿನ ಬಗ್ಗೆ. ಅದಕ್ಕಿಂತ ಹೆಚ್ಚಾಗಿ, ಅದು ಯಾಕೆ ನಿಂತಿತು ಎಂದು ಹುಡುಕುತ್ತ ಹೋದಾಗ ನಮಗೆ ಸಿಕ್ಕ ಹಳೆಯ ಕತೆಯ ಬಗ್ಗೆ.

ಬೈಕು ಕಟ್ಟಿದ್ದು ಹೀಗೆ

ಚಿಕ್ಕೋಡಿಯ ಗೆಳೆಯನೊಬ್ಬನ ದನದ ಕೊಟ್ಟಿಗೆಯಲ್ಲಿ ಅವನ ಅಪ್ಪನ ಹಳೆಯ ಯೆಜ್ಡಿ ಬಿದ್ದಿತ್ತು. ಚಾಸಿ ಮತ್ತು ಎಂಜಿನ್ ಅದರದ್ದೇ. ಉಳಿದದ್ದೆಲ್ಲ ಹೊಸ ವೇಷ. ಟ್ಯಾಂಕನ್ನು ನಿಪ್ಪಾಣಿಯಲ್ಲಿ ತಗಡು ಬಡಿಸಿ ಮಾಡಿಸಿದೆವು. ಹ್ಯಾಂಡಲ್, ಸೀಟು, ಮಡ್‌ಗಾರ್ಡ್ ಭಂಗಾರದ ಅಂಗಡಿಯಲ್ಲಿ ಆರಿಸಿದೆವು. ಚಾಸಿಗೆ ದಪ್ಪ ಕರಿ ಪೇಂಟ್ ಹೊಡೆಸಿದೆವು. ವೈರಿಂಗ್ ಮಾತ್ರ ಪೂರ್ತಿ ನಮ್ಮ ಕೈಯದು. ಹೆಡ್‌ಲೈಟಿನ ಡೂಮಿನ ಮೇಲೆ ಒಂದು ಚಿಕ್ಕ ಕೆಂಪು ದೀಪ ಇತ್ತು. ಚಂದ ಕಾಣುವುದಿಲ್ಲ ಎಂದು ಅದನ್ನು ತೆಗೆದುಹಾಕಿದೆವು. ಈ ಕೆಂಪು ದೀಪವನ್ನು ನೆನಪಿಟ್ಟುಕೊಳ್ಳಿ, ಮುಂದೆ ಬರುತ್ತದೆ.

ಸೇತುವೆಯ ರಾತ್ರಿ ಹತ್ತು ನಿಮಿಷದ ಮೇಲೆ ಒಂದೇ ಕಿಕ್ಕಿಗೆ ಬೈಕು ಚಾಲೂ ಆಯಿತು. ಯಾಕೆ ನಿಂತಿತ್ತೋ, ಯಾಕೆ ಚಾಲೂ ಆಯಿತೋ ಎರಡೂ ಗೊತ್ತಾಗಲಿಲ್ಲ. ಮರುದಿನ ಪ್ಲಗ್ ಬದಲಿಸಿದೆವು. ಮೂರು ದಿನಕ್ಕೆ ಮತ್ತೆ ನಿಂತಿತು. ಬಿಸಿಯಾದ ಮೇಲೆ ನಿಲ್ಲುತ್ತದೆ, ಹಾಗಾದರೆ ಕಂಡೆನ್ಸರ್ ಎಂದರು ಯಾರೋ. ಬದಲಿಸಿದೆವು. ಕಾಯಿಲ್ ಎಂದರು ಇನ್ಯಾರೋ. ಅದನ್ನೂ ಕೊಲ್ಲಾಪುರದಿಂದ ತರಿಸಿ ಹಾಕಿದೆವು. ಬೈಕು ಮತ್ತೆ ನಿಂತಿತು.

ಕಿಡಿ ಬಂದ ದಾರಿ

ಪೆಟ್ರೋಲ್ ಎಂಜಿನ್ ಎಂದರೆ ಮೂರು ಮಾತು: ಗಾಳಿ, ಎಣ್ಣೆ, ಕಿಡಿ. ಮೊದಲಿನೆರಡು ಸಿಗುವುದು ಸುಲಭ. ಮೊದಲಿನ ಎಂಜಿನ್‌ಗಳ ಕಾಲದಲ್ಲಿ ದೊಡ್ಡ ತಲೆನೋವು ಕಿಡಿಯದೇ ಆಗಿತ್ತು. ಜರ್ಮನಿಯ ರಾಬರ್ಟ್ ಬಾಷ್ ಅವರ ಕಾರ್ಖಾನೆಯ ಎಂಜಿನಿಯರ್ ಗಾಟ್ಲೋಬ್ ಹೊನೊಲ್ಡ್ 1902ರಲ್ಲಿ ಹೈ ವೋಲ್ಟೇಜ್ ಮ್ಯಾಗ್ನೆಟೊ ಮತ್ತು ಸ್ಪಾರ್ಕ್ ಪ್ಲಗ್ ಜೋಡಿಯನ್ನು ಮಾಡಿದರು. ಅಯಸ್ಕಾಂತ ತಿರುಗಿದರೆ ಕರೆಂಟ್ ತಾನೇ ಹುಟ್ಟುತ್ತದೆ, ಬ್ಯಾಟರಿ ಬೇಕಿಲ್ಲ. 1910ರ ಸುಮಾರಿಗೆ ಅಮೆರಿಕದ ಚಾರ್ಲ್ಸ್ ಕೆಟರಿಂಗ್ ಇನ್ನೊಂದು ದಾರಿ ಹಿಡಿದರು. ಬ್ಯಾಟರಿ, ಕಾಯಿಲ್, ಪಾಯಿಂಟ್, ಕಂಡೆನ್ಸರ್. ನಮ್ಮ ಯೆಜ್ಡಿಯಲ್ಲಿ ಇದ್ದದ್ದು ಈ ಎರಡನೆಯ ದಾರಿ.

ಅದು ಕೆಲಸ ಮಾಡುವ ರೀತಿ ಹೀಗೆ. ಪಾಯಿಂಟ್ ಮುಚ್ಚಿದ್ದಾಗ ಬ್ಯಾಟರಿಯ ಕರೆಂಟ್ ಕಾಯಿಲ್‌ನಲ್ಲಿ ಹರಿಯುತ್ತದೆ. ಪಾಯಿಂಟ್ ಫಕ್ಕನೆ ತೆರೆದಾಗ ಆ ಹರಿವು ಕಡಿಯುತ್ತದೆ. ಆ ಏಟಿಗೆ ಕಾಯಿಲ್‌ನ ಇನ್ನೊಂದು ಸುರುಳಿಯಲ್ಲಿ ಸಾವಿರಾರು ವೋಲ್ಟ್ ಎದ್ದು ಪ್ಲಗ್ಗಿನ ತುದಿಯಲ್ಲಿ ಕಿಡಿ ಹಾರುತ್ತದೆ. ಕಂಡೆನ್ಸರ್ ಪಾಯಿಂಟ್ ಸುಡದಂತೆ ಕಾಯುತ್ತದೆ. ಯೆಜ್ಡಿ ಟೂ ಸ್ಟ್ರೋಕ್, ಪ್ರತಿ ಸುತ್ತಿಗೂ ಒಂದು ಕಿಡಿ ಬೇಕು. ನಿಮಿಷಕ್ಕೆ 3000 ಸುತ್ತು ಎಂದರೆ ಸೆಕೆಂಡಿಗೆ 50 ಕಿಡಿ. ಈ ಸರಪಳಿಯಲ್ಲಿ ಒಂದು ಕೊಂಡಿ ಸಡಿಲಾದರೂ ಬೈಕು ಸೇತುವೆಯ ಮೇಲೆ ನಿಲ್ಲುತ್ತದೆ.

ನಮ್ಮ ಕಡೆಗೆ ಯಂತ್ರ ಬಂದದ್ದು

ನಮ್ಮ ಜಿಲ್ಲೆಗೆ ಯಂತ್ರ ಕಟ್ಟುವ, ಬಿಚ್ಚುವ ಚಟ ಹೊಸದಲ್ಲ. ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ 1869ರಲ್ಲಿ ಹುಟ್ಟಿದ ಲಕ್ಷ್ಮಣರಾವ್ ಕಿರ್ಲೋಸ್ಕರ್ 1888ರಲ್ಲಿ ಬೆಳಗಾವಿಯಲ್ಲಿ ಸೈಕಲ್ ಅಂಗಡಿ ತೆರೆದರು. ಸೈಕಲ್ ಮಾರುವುದು, ರಿಪೇರಿ ಮಾಡುವುದು ಅಲ್ಲಿಂದ ಶುರು. ಆಮೇಲೆ ಮೇವು ಕತ್ತರಿಸುವ ಯಂತ್ರ, ಕಬ್ಬಿಣದ ನೇಗಿಲು. 1910ರಲ್ಲಿ ಕಾರ್ಖಾನೆ ಇಂದಿನ ಸಾಂಗಲಿ ಜಿಲ್ಲೆಗೆ ಹೋಗಿ ಕಿರ್ಲೋಸ್ಕರವಾಡಿ ಆಯಿತು. ರಾಯಬಾಗ, ಕುಡಚಿ, ಉಗಾರ ದಾಟಿ ಮೀರಜಿಗೆ ಹೋಗುವ ರೈಲು ಪುಣೆಯ ದಾರಿ ಹಿಡಿದರೆ ಆ ಸ್ಟೇಷನ್ನು ಇಂದಿಗೂ ಸಿಗುತ್ತದೆ. ಇತ್ತ ಕೊಲ್ಲಾಪುರದ ಉದ್ಯಮನಗರ, ಅತ್ತ ಇಚಲಕರಂಜಿ. ಗಡಿ ಆಚೆ ಎಂದರೂ ನಮ್ಮ ಮಿಸ್ತ್ರಿಗಳಿಗೆ ಅದೇ ಪೇಟೆ, ಅದೇ ಪಾಠಶಾಲೆ.

ಬೈಕಿನ ಕಿಡಿ ಮಾತ್ರ ಬಂದದ್ದು ಮೈಸೂರಿನಿಂದ. ಜಾವಾ ಎಂಬುದು ಹಿಂದಿನ ಚೆಕೊಸ್ಲೊವಾಕಿಯಾದ ಕಂಪನಿ, 1929ರಲ್ಲಿ ಶುರುವಾದದ್ದು. ಫ್ರಾಂಟಿಶೆಕ್ ಯಾನೆಚೆಕ್ ಎಂಬ ಮಾಲೀಕನ ಹೆಸರು, ವಾಂಡರರ್ ಎಂಬ ಜರ್ಮನ್ ಬೈಕಿನ ಹೆಸರು, ಎರಡರ ಮೊದಲ ಅಕ್ಷರಗಳನ್ನು ಸೇರಿಸಿ ಜಾವಾ ಎಂದಿಟ್ಟರು. ಇರಾನಿ ಕುಟುಂಬದವರು 1960ರ ಹೊತ್ತಿಗೆ ಮೈಸೂರಿನ ಯಾದವಗಿರಿಯಲ್ಲಿ ಐಡಿಯಲ್ ಜಾವಾ ಕಾರ್ಖಾನೆ ತೆರೆದರು. 1973ರಿಂದ ಅದೇ ಕಾರ್ಖಾನೆಯ ಬೈಕುಗಳು ಯೆಜ್ಡಿ ಎಂಬ ಹೆಸರಿನಲ್ಲಿ ಬಂದವು. ಕಿಕ್ಕಿನ ಕಡ್ಡಿಯೇ ತಿರುಗಿದರೆ ಗೇರಿನ ಕಡ್ಡಿ, ಎರಡು ಸೈಲೆನ್ಸರ್, ದೂರದಿಂದಲೇ ಗುರುತಾಗುವ ಸದ್ದು. ಪ್ಲಗ್ ಕೂಡ ಕರ್ನಾಟಕದಲ್ಲೇ ಆಗುತ್ತಿತ್ತು. ಬಾಷ್ ಜೊತೆಗೂಡಿ 1951ರಲ್ಲಿ ಶುರುವಾದ ಮೈಕೊ ಕಂಪನಿಯ ಬೆಂಗಳೂರಿನ ಕಾರ್ಖಾನೆಯ ಪ್ಲಗ್ಗುಗಳು ಹಳ್ಳಿಯ ಗ್ಯಾರೇಜಿನ ಡಬ್ಬಿಯಲ್ಲೂ ಇರುತ್ತಿದ್ದವು. ಸ್ಟುಟ್‌ಗಾರ್ಟಿನಲ್ಲಿ ಹುಟ್ಟಿದ ಪ್ಲಗ್ಗೂ ಪ್ರಾಗ್‌ನಲ್ಲಿ ಹುಟ್ಟಿದ ಎಂಜಿನ್ನೂ ಹೀಗೆ ನಮ್ಮೂರಿನ ಕೊಟ್ಟಿಗೆಯಲ್ಲಿ ಸೇರಿಕೊಂಡವು.

ಮೈಸೂರಿನ ಕಾರ್ಖಾನೆ 1996ರಲ್ಲಿ ಮುಚ್ಚಿತು. ಆದರೆ ಬೈಕುಗಳು ಉಳಿದವು, ಅವನ್ನು ಬಲ್ಲ ಕೈಗಳೂ ಸ್ವಲ್ಪ ಕಾಲ ಉಳಿದವು.

ಮಿಸ್ತ್ರಿ ಕೇಳಿದ ಮೂರು ಪ್ರಶ್ನೆ

ಅಂಥ ಒಂದು ಕೈ ರಾಯಬಾಗದಲ್ಲಿದೆ ಎಂದು ಗೊತ್ತಾಗಿ ಬೈಕನ್ನು ಅಲ್ಲಿಗೆ ಒಯ್ದೆವು. ವಯಸ್ಸು ಎಪ್ಪತ್ತು ದಾಟಿದೆ. ಗ್ಯಾರೇಜು ಬಂದ್ ಮಾಡಿ ಮನೆ ಕಟ್ಟೆಯ ಮೇಲೆ ಕೂಡುತ್ತಾರೆ. ಹೆಸರು ಬರೆಯಬೇಡಿ ಎಂದಿದ್ದಾರೆ. ಅವರು ಸ್ಪಾನರ್ ಮುಟ್ಟಲಿಲ್ಲ. ಮೊದಲು ಕೇಳಿದರು.

“ತಮ್ಮಾ, ಗಾಡಿ ಬಂದ್ ಬಿದ್ದಾಗ ಲೈಟ್ ಸೈತ ಹೋಗಿತ್ತೇನು?”

“ಹೌದ್ರಿ ಕಾಕಾ, ಎರಡೂ ಕೂಡೇ ಹೋದ್ವು.”

“ಹಂಗಾದ್ರ ಕಂಡೆನ್ಸರ್ ಯಾಕ ಬದಲಿ ಮಾಡಿದ್ರಿ? ಕಂಡೆನ್ಸರಿಗೂ ಲೈಟಿಗೂ ಏನ್ ಸಂಬಂಧ?”

ನಾವು ಸುಮ್ಮನೆ ನಿಂತೆವು. ಮಾತು ಸರಿ ಇತ್ತು. ಪ್ಲಗ್, ಪಾಯಿಂಟ್, ಕಂಡೆನ್ಸರ್, ಕಾಯಿಲ್ ಇವು ಕೆಟ್ಟರೆ ಎಂಜಿನ್ ನಿಲ್ಲುತ್ತದೆ, ಲೈಟು ಉರಿಯುತ್ತಲೇ ಇರುತ್ತದೆ. ಎರಡೂ ಒಟ್ಟಿಗೆ ಹೋದರೆ, ಇಬ್ಬರಿಗೂ ಒಂದೇ ಆಗಿರುವ ಜಾಗದಲ್ಲಿ ತಪ್ಪಿದೆ. ಬ್ಯಾಟರಿ, ಫ್ಯೂಜ್, ಕೀ ಸ್ವಿಚ್, ಇಲ್ಲವೇ ಅರ್ಥಿಂಗ್.

ಎರಡನೆಯ ಪ್ರಶ್ನೆ: “ಜೋರ್ ಹೊಂಟಾಗ ನಿಂತೈತೋ, ಸ್ಲೋ ಮಾಡಿದಾಗೋ?” ನೆನಪು ಮಾಡಿಕೊಂಡೆವು. ಪ್ರತಿ ಸಲವೂ ನಿಧಾನ ಮಾಡಿದಾಗಲೇ. ಸೇತುವೆ, ಹಂಪ್ಸ್, ಸಂತೆಯ ಗದ್ದಲ. ಯೆಜ್ಡಿಯ ಡೈನಮೊ ಜೋರಾಗಿ ತಿರುಗುವಾಗ ತಾನೇ ಕರೆಂಟ್ ಕೊಡುತ್ತದೆ. ನಿಧಾನವಾದರೆ ಕೈಬಿಡುತ್ತದೆ, ಆಗ ಬ್ಯಾಟರಿಯೇ ದಿಕ್ಕು. ಅಂದರೆ ಬ್ಯಾಟರಿಯ ದಾರಿಯಲ್ಲೇ ಕಂಟಕ.

ಮೂರನೆಯದು: “ಬಂದ್ ಬಿದ್ದಾಗ ಕೆಂಪ ಲೈಟ್ ಹತ್ತಿತ್ತೇನು?” ಅದನ್ನು ನಾವು ಕಿತ್ತು ಹಾಕಿದ್ದೆವು. ಕೀ ಆನ್ ಇದ್ದು ಎಂಜಿನ್ ನಿಂತಾಗ ಆ ದೀಪ ಹತ್ತಲೇಬೇಕು. ಹತ್ತದಿದ್ದರೆ ಬ್ಯಾಟರಿಯ ಕರೆಂಟ್ ಬರುತ್ತಿಲ್ಲ ಎಂದೇ ಅರ್ಥ. ಮೊದಲ ರಾತ್ರಿಯೇ ಉತ್ತರ ಹೇಳಬಲ್ಲ ದೀಪವನ್ನು ಚಂದಕ್ಕೆಂದು ತೆಗೆದಿದ್ದೆವು. ಕಾಕಾ ನಗಲಿಲ್ಲ, ಬೈಯಲೂ ಇಲ್ಲ. ಚಹಾ ತರಿಸಿದರು.

ಆಮೇಲೆ ಮಲ್ಟಿಮೀಟರ್ ತರಿಸಿದರು. ಕೀ ಆನ್ ಮಾಡಿ, ಪಾಯಿಂಟ್ ಮುಚ್ಚಿದ ಸ್ಥಿತಿಯಲ್ಲಿ, ಒಂದು ಕಡ್ಡಿ ಬ್ಯಾಟರಿಯ ಅರ್ಥಿಂಗ್ ತುದಿಗೆ, ಇನ್ನೊಂದು ಎಂಜಿನ್ನಿನ ಮೈಗೆ. ಎರಡರ ನಡುವೆ ಹೆಚ್ಚುಕಡಿಮೆ ಸೊನ್ನೆ ಬರಬೇಕು. ನಮಗೆ ಒಂದೂವರೆ ವೋಲ್ಟ್ ಬಂತು. ಇದು 6 ವೋಲ್ಟಿನ ಗಾಡಿ. ಕಾಲು ಭಾಗ ದಾರಿಯಲ್ಲೇ ಸೋರುತ್ತಿತ್ತು. ಕಾಯಿಲ್ 3 ಆಂಪಿಯರ್ ಎಳೆಯುವಾಗ ಬರೀ ಅರ್ಧ ಓಮ್ ಅಡ್ಡಿ ಇದ್ದರೂ ಇಷ್ಟು ನಷ್ಟ. 12 ವೋಲ್ಟಿನ ಗಾಡಿಯಲ್ಲಿ ಅಷ್ಟೇ ನಷ್ಟ ಎಂಟನೇ ಒಂದು ಭಾಗವಾಗುತ್ತದೆ, ಗಾಡಿ ಹೇಗೋ ಓಡುತ್ತದೆ. ಹಳೆಯ 6 ವೋಲ್ಟಿಗೆ ಆ ಸಡಿಲು ಸಹನೆಯಾಗದು.

ಅರ್ಥಿಂಗ್ ಬೋಲ್ಟ್ ಬಿಚ್ಚಿದೆವು. ಕೆಳಗೆ ನಾವೇ ಹೊಡೆಸಿದ ದಪ್ಪ ಕರಿ ಪೇಂಟು. ಕರೆಂಟ್ ಬೋಲ್ಟಿನ ಥ್ರೆಡ್ಡಿನಿಂದಷ್ಟೇ ಹೇಗೋ ನುಸುಳುತ್ತಿತ್ತು. ಸೇತುವೆಯ ಜೋಡಣೆಗಳ ಮೇಲೆ ಗಾಡಿ ಕುಲುಕಿದಾಗ ಅದೂ ತಪ್ಪುತ್ತಿತ್ತು. ಇನ್ನೊಮ್ಮೆ ಅಲುಗಾಡಿದರೆ ಮತ್ತೆ ಕೂಡುತ್ತಿತ್ತು. ಪಾಲೀಸ್ ಕಾಗದದಿಂದ ಪೇಂಟ್ ಕೆರೆದು, ಬಿಳಿ ಕಬ್ಬಿಣ ಕಾಣುವಂತೆ ಮಾಡಿ, ಎಂಜಿನ್ನಿನಿಂದ ಬ್ಯಾಟರಿಗೆ ನೇರವಾಗಿ ಒಂದು ದಪ್ಪ ವೈರ್ ಹಾಕಿದೆವು. ಮೀಟರಿನ ಅಂಕಿ ಸೊನ್ನೆಯ ಹತ್ತಿರ ಬಂತು. ಖರ್ಚು ಒಂದು ಅಡಿ ವೈರು. ಅಷ್ಟರೊಳಗೆ ಕಾಯಿಲ್, ಕಂಡೆನ್ಸರಿಗೆ ಸುರಿದ ದುಡ್ಡಿನ ಲೆಕ್ಕ ಮನೆಯಲ್ಲಿ ಇನ್ನೂ ಹೇಳಿಲ್ಲ.

ಡಬ್ಬಿ ಮುಚ್ಚಿದ ಕಾಲ

1985ರಲ್ಲಿ ಹೀರೊ ಹೋಂಡಾ ಸಿಡಿ 100, ಯಮಹಾ ಆರ್‌ಎಕ್ಸ್ 100 ಬಂದವು. ಎರಡರಲ್ಲೂ ಪಾಯಿಂಟ್ ಇಲ್ಲ, ಸಿಡಿಐ ಎಂಬ ಮುಚ್ಚಿದ ಡಬ್ಬಿ. ಸವೆಯುವುದಿಲ್ಲ, ಮಳೆಗಾಲದಲ್ಲಿ ಕಾಡುವುದಿಲ್ಲ. ರೈತನಿಗೆ, ಹಾಲಿನ ಕ್ಯಾನ್ ಒಯ್ಯುವವನಿಗೆ ಅದು ದೊಡ್ಡ ಉಪಕಾರ. ಆದರೆ ಆ ಡಬ್ಬಿಯನ್ನು ಬಿಚ್ಚಿ ನೋಡುವಂತಿಲ್ಲ, ಕೆಟ್ಟರೆ ಬದಲಿಸಬೇಕು ಅಷ್ಟೇ. 2020ರ ಏಪ್ರಿಲ್ 1ರಿಂದ ಬಿಎಸ್ 6 ಬಂದ ಮೇಲೆ ಬಹುತೇಕ ಬೈಕುಗಳಲ್ಲಿ ಕಾರ್ಬರೇಟರೂ ಹೋಗಿ ಫ್ಯೂಯಲ್ ಇಂಜೆಕ್ಷನ್ ಬಂತು. ಈಗ ಗ್ಯಾರೇಜಿನ ಹುಡುಗ ಮೊದಲು ಸ್ಕ್ಯಾನರ್ ಹಚ್ಚುತ್ತಾನೆ. ತಪ್ಪೇನಿಲ್ಲ. ಆದರೆ ಸ್ಕ್ಯಾನರಿಗೆ ಕಾಣದ ಪೇಂಟಿನ ಪದರ ಅಲ್ಲೂ ಇರಬಹುದು. ಗಾಡಿ ಯಾವುದೇ ಇರಲಿ, ಮೊದಲು ಪ್ರಶ್ನೆ ಕೇಳುವ ಅಭ್ಯಾಸ ಹೋಗಬಾರದು.

ನೀವೂ ಬೈಕು ಕಟ್ಟುವವರಿದ್ದರೆ

ನಾವು ಕಲಿತದ್ದಿಷ್ಟು. ಮೊದಲು ಲೈಟು, ಹಾರ್ನ್ ನೋಡಿ. ಅವೂ ಮಂಕಾಗಿದ್ದರೆ ಬ್ಯಾಟರಿ, ಫ್ಯೂಜ್, ಅರ್ಥಿಂಗ್ ಕಡೆ ಹೋಗಿ. ಅವು ಸರಿ ಇದ್ದು ಎಂಜಿನ್ ಮಾತ್ರ ನಿಂತರೆ ಪ್ಲಗ್ ಬಿಚ್ಚಿ, ಎಂಜಿನ್ನಿನ ಮೈಗೆ ತಾಗಿಸಿ ಕಿಕ್ ಹೊಡೆದು ಕಿಡಿ ನೋಡಿ. ಹತ್ತಿರ ಪೆಟ್ರೋಲ್ ಇರಬಾರದು. ಕಿಡಿ ಇಲ್ಲದಿದ್ದರೆ ಕಿಲ್ ಸ್ವಿಚ್ಚನ್ನೂ ಪರೀಕ್ಷಿಸಿ ನೋಡಿ. ಪಾಯಿಂಟ್ ಸುಟ್ಟು ಕಪ್ಪಾಗಿದ್ದು, ಅಲ್ಲೇ ದೊಡ್ಡ ಕಿಡಿ ಹಾರುತ್ತಿದ್ದರೆ ಆಗ ಕಂಡೆನ್ಸರಿನ ಮೇಲೆ ಅನುಮಾನ ಪಡಿ. ಹ್ಯಾಂಡಲ್ ತಿರುಗಿಸಿದಾಗ ನಿಂತರೆ ಹ್ಯಾಂಡಲಿನ ಬುಡದಲ್ಲಿ ವೈರು ಸವೆದಿದೆ. ಹಳೆಯ ಎಂಜಿನ್ನಿಗೆ ಸಿಡಿಐ ಕೂಡಿಸುವವರು ಅದು ಬ್ಯಾಟರಿಯಿಂದ ನಡೆಯುವುದೋ ಮ್ಯಾಗ್ನೆಟಿನ ಕಾಯಿಲಿನಿಂದ ನಡೆಯುವುದೋ ಕೇಳಿಯೇ ಕೊಳ್ಳಿ. ಒಂದರ ಜಾಗದಲ್ಲಿ ಇನ್ನೊಂದು ನಡೆಯುವುದಿಲ್ಲ. ಒಂದು ಸಲಕ್ಕೆ ಒಂದೇ ಭಾಗ ಬದಲಿಸಿ.

ಇನ್ನೊಂದು ಮಾತು. ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಪ್ರಕಾರ ಆರ್‌ಸಿಯಲ್ಲಿ ಬರೆದ ಮೂಲ ವಿವರಕ್ಕೆ ಹೊಂದದಂತೆ ಗಾಡಿ ಬದಲಿಸುವಂತಿಲ್ಲ. 2019ರ ತಿದ್ದುಪಡಿಯ ನಂತರ ಪ್ರತಿ ಬದಲಾವಣೆಗೆ 5000 ರೂಪಾಯಿ ದಂಡ, ಆರು ತಿಂಗಳವರೆಗೆ ಜೈಲಿಗೂ ಅವಕಾಶವಿದೆ. ನಾವು ಈಗ ಚಿಕ್ಕೋಡಿಯ ಆರ್‌ಟಿಒ ಕಚೇರಿಯಲ್ಲಿ ಕೇಳಿಕೊಂಡೇ ಮುಂದಿನ ಕೆಲಸ ಮಾಡುತ್ತಿದ್ದೇವೆ. ಅಲ್ಲಿಯವರೆಗೆ ಬೈಕು ಹೊಲದ ದಾರಿ ಬಿಟ್ಟು ಹೊರಬರುವುದಿಲ್ಲ. ಹಿಂದಿನ ಮಡ್‌ಗಾರ್ಡಿಗೆ ಕೆಂಪು ರಿಫ್ಲೆಕ್ಟರ್ ಪಟ್ಟಿ ಹಚ್ಚಿದ್ದೇವೆ. ಬ್ಯಾಟರಿ ಹೋದರೂ ಅದು ಹೊಳೆಯುತ್ತದೆ. ಕಬ್ಬು ಹೇರುವ ಅಣ್ಣಂದಿರೇ, ನಿಮ್ಮ ಟ್ರೇಲರಿಗೂ ಒಂದು ಪಟ್ಟಿ ಹಚ್ಚಿ.

ಕೆಂಪು ದೀಪವನ್ನು ಮತ್ತೆ ಅದರ ಜಾಗದಲ್ಲೇ ಕೂಡಿಸಿದ್ದೇವೆ. ಮುಂದಿನ ವಾರ ಕಾಕಾನ ಕಟ್ಟೆಗೆ ಮತ್ತೆ ಹೋಗುತ್ತೇವೆ, ಈ ಸಲ ರೆಕಾರ್ಡರ್ ಹಿಡಿದುಕೊಂಡು. ಅಥಣಿ, ಕಾಗವಾಡ, ನಿಪ್ಪಾಣಿ ಕಡೆ ಇಂಥ ಹಿರಿಯ ಮಿಸ್ತ್ರಿಗಳು ನಿಮಗೆ ಗೊತ್ತಿದ್ದರೆ ತಿಳಿಸಿ. ಅವರು ಕೇಳುವ ಪ್ರಶ್ನೆಗಳನ್ನು ಬರೆದಿಡಬೇಕಾಗಿದೆ.