ಅಪಟೈಟ್
1786ರಲ್ಲಿ ಜರ್ಮನಿಯ ಖನಿಜತಜ್ಞ ಅಬ್ರಹಾಂ ವರ್ನರ್ ಇಟ್ಟ ಹೆಸರಿದು. ಮೂಲ, ಗ್ರೀಕಿನ ‘ಅಪಟೆ’: ಮೋಸ. ಹಸಿರು, ನೇರಳೆ, ಹಳದಿ ಎಂದು ನಾನಾ ಬಣ್ಣಗಳಲ್ಲಿ ಸಿಕ್ಕು, ಬೆರಿಲ್‌ನಂಥ ಹರಳುಗಳ ವೇಷದಲ್ಲಿ ಕಣ್ಣಿಗೆ ಮಣ್ಣೆರಚುತ್ತಿದ್ದ ಕಲ್ಲಿಗೆ ತಕ್ಕ ಹೆಸರೇ ಅನ್ನಿ. ಅಸಲಿಗೆ ಅದು ಕ್ಯಾಲ್ಸಿಯಂ ಫಾಸ್ಫೇಟ್. ನಮ್ಮ ಹಲ್ಲು, ಮೂಳೆಗಳ ಗಟ್ಟಿತನವೂ ಇದೇ ಬಳಗದ್ದು. ರಸಗೊಬ್ಬರಕ್ಕೆ ಬಳಸುವ ರಾಕ್ ಫಾಸ್ಫೇಟ್‌ನಲ್ಲಿರುವುದೂ ಇದೇ.

ನೀರಿನಲ್ಲಿ ಕರಗಿದ ಯುರೇನಿಯಂ ಅಪಟೈಟ್‌ನ ಮೇಲ್ಮೈಗೆ ಅಂಟಿಕೊಳ್ಳುತ್ತದೆ; ಪ್ರಮಾಣ ಹೆಚ್ಚಿದ್ದರೆ ಫಾಸ್ಫೇಟ್ ಜೊತೆ ಸೇರಿ ಹೊಸ ಖನಿಜವಾಗಿ ಹರಳುಗಟ್ಟುತ್ತದೆ. ಅಮೆರಿಕದ ಯೂಟಾ ರಾಜ್ಯದ ಫ್ರೈ ಕ್ಯಾನ್ಯನ್‌ನಲ್ಲಿ, ಹಳೆಯ ಯುರೇನಿಯಂ ಅದಿರು ಘಟಕವಿದ್ದ ಜಾಗದಲ್ಲಿ, 1997ರಲ್ಲಿ ಅಂತರ್ಜಲದ ಹರಿವಿಗೆ ಅಡ್ಡಲಾಗಿ ಮೂಳೆ ಇದ್ದಿಲಿನ ಗುಳಿಗೆಗಳನ್ನು ಹೂತು ಪರೀಕ್ಷಿಸಿದರು. ಹೆಸರು ಇದ್ದಿಲು, ಯುರೇನಿಯಂ ಹಿಡಿಯುವುದು ಮಾತ್ರ ಮುಖ್ಯವಾಗಿ ಇಂಗಾಲವಲ್ಲ, ಅಪಟೈಟ್.