ಥಾಯ್ಲೆಂಡ್‌ನಲ್ಲಿ ವೀಸಾ ಅವಧಿ ಮೀರಿದರೆ ದಂಡ ಎಷ್ಟು? ನಿಷೇಧ ಎಷ್ಟು ವರ್ಷ?

ಟಾರ್ಗೆಟ್ ಮುಟ್ಟಿದ ಸಿಮೆಂಟ್, ಪೇಂಟ್ ಡೀಲರ್‌ಗಳನ್ನು ಕಂಪನಿಗಳು ಬ್ಯಾಂಕಾಕ್-ಪಟ್ಟಾಯ ಟೂರ್‌ಗೆ ಕಳಿಸೋದು ಹೊಸದೇನಲ್ಲ. ಗುಂಪಲ್ಲಿ ಹೋಗಿ ಗುಂಪಲ್ಲೇ ಬರುವವರಿಗೆ ಚಿಂತೆ ಇಲ್ಲ. ಹೆಚ್ಚು ದಿನ ಉಳಿದುಕೊಂಡವರಿಗೆ ಮಾತ್ರ ವಾಪಸ್ ಹೊರಡುವಾಗ ಲೆಕ್ಕ ಶುರುವಾಗುತ್ತದೆ.

ಮೊದಲು ನೋಡಬೇಕಾದ್ದು ಪಾಸ್‌ಪೋರ್ಟ್‌ಗೆ ಒತ್ತಿದ ಸೀಲು. ಅದರಲ್ಲಿರುವ ತಾರೀಖೇ ಕೊನೆ, ಏಜೆಂಟ್ ಬಾಯಲ್ಲಿ ಹೇಳಿದ್ದಲ್ಲ. ಇಳಿದ ದಿನವೂ ಲೆಕ್ಕಕ್ಕೆ ಬರುತ್ತೆ.

ದಂಡ ದಿನಕ್ಕೆ 500 ಥಾಯ್ ಬಾತ್, ಗರಿಷ್ಠ 20,000. ಅಂದರೆ 40 ದಿನಕ್ಕೆ ಮೀಟರ್ ನಿಲ್ಲುತ್ತೆ. ಆದರೆ ಅಷ್ಟಕ್ಕೇ ಮುಗಿಯಲ್ಲ. 2016ರ ಮಾರ್ಚ್ 20ರಿಂದ ಮರುಪ್ರವೇಶಕ್ಕೆ ನಿಷೇಧವೂ ಇದೆ. ತಾವಾಗಿಯೇ ಏರ್‌ಪೋರ್ಟ್‌ಗೆ ಬಂದು ಹೊರಡುವವರಿಗೆ 90 ದಿನದವರೆಗೆ ದಂಡ ಮಾತ್ರ. 90 ದಿನ ದಾಟಿದರೆ 1 ವರ್ಷ, ಒಂದು ವರ್ಷ ದಾಟಿದರೆ 3 ವರ್ಷ, ಮೂರು ದಾಟಿದರೆ 5, ಐದು ದಾಟಿದರೆ 10 ವರ್ಷ ಆ ದೇಶಕ್ಕೆ ಕಾಲಿಡುವಂತಿಲ್ಲ.

ಪೊಲೀಸರ ಕೈಗೆ ಸಿಕ್ಕಿಬಿದ್ದರೆ ಕಥೆಯೇ ಬೇರೆ. ಬಂಧನ, ಗಡೀಪಾರು, ಜತೆಗೆ 5 ವರ್ಷ ನಿಷೇಧ. ಅವಧಿ ಮೀರಿ ವರ್ಷವಾಗಿದ್ದರೆ 10 ವರ್ಷ. ಹಾಗಾಗಿ ದಿನ ಮೀರಿದ್ದು ಗೊತ್ತಾದ ಮೇಲೆ ಅಲ್ಲಿ ಇಲ್ಲಿ ಸುತ್ತಾಡದೆ ಟಿಕೆಟ್ ಮಾಡಿಸುವುದೇ ಲೇಸು.

ಏರ್‌ಪೋರ್ಟ್‌ಗೆ ಬೇಗ ಹೋಗಿ, ಕೈಯಲ್ಲಿ ಬಾತ್ ನಗದು ಇರಲಿ. ಇಮಿಗ್ರೇಷನ್‌ನಲ್ಲಿ ದಂಡ ಕಟ್ಟಿ ರಸೀದಿ ಇಸ್ಕೊಳ್ಳಿ.

ಇನ್ನೂ ದಿನ ಉಳಿದಿದ್ದರೆ ಅಲ್ಲಿನ ಇಮಿಗ್ರೇಷನ್ ಕಚೇರಿಯಲ್ಲಿ ಅವಧಿ ವಿಸ್ತರಣೆಗೆ ಅರ್ಜಿ ಹಾಕಬಹುದು. ಶುಲ್ಕ 1,900 ಬಾತ್, ನಾಲ್ಕು ದಿನದ ದಂಡಕ್ಕಿಂತ ಕಡಿಮೆ.